ಮುಂದಿನ ಎರಡು ನಿಂಬೆಹಣ್ಣು

ನಮ್ಮ ಕಾಡುಗೋಡಿಯಲ್ಲಿ ಆರು ವರ್ಷ ಒಂದು ಮಾತು ಚಾಲ್ತಿಯಲ್ಲಿತ್ತು. ಯಾರಾದರೂ ಕೊಟ್ಟ ಮಾತಿಗೆ ನಿಲ್ಲದೆ ಜಾರಿಕೊಂಡರೆ, "ಅವ್ನು ನಲ್ಲಪ್ಪನ ಬ್ರೇಕು ಕಣೋ" ಎನ್ನುತ್ತಿದ್ದರು. ಮೆಕ್ಯಾನಿಕ್ ನಲ್ಲಪ್ಪನ ಶೆಡ್ಡಿನ ಪಕ್ಕದಲ್ಲೇ ನನ್ನ ಲೇತ್ ಇತ್ತು. ನಾನೂ ಆ ಮಾತು ಆಡಿದ್ದೇನೆ, ಆಡಿ ನಕ್ಕಿದ್ದೇನೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ನಡೆದದ್ದು ಇಷ್ಟು. ಎಪ್ಪತ್ತೆಂಟರಲ್ಲಿ ನಲ್ಲಪ್ಪ ವರ್ತೂರಿನ ಚಿಕ್ಕಬೈರಪ್ಪನವರ ಕಾರಿಗೆ ಹ್ಯಾಂಡ್‌ಬ್ರೇಕ್ ಸರಿಮಾಡಿಕೊಟ್ಟ. ಆಗ ನಮ್ಮ ಕಡೆ ಹ್ಯಾಂಡ್‌ಬ್ರೇಕ್ ನಂಬಿ ಗಾಡಿ ನಿಲ್ಲಿಸುವವರೇ ಇರಲಿಲ್ಲ. ಚಕ್ರಕ್ಕೊಂದು ಕಲ್ಲು ಕೊಟ್ಟರೇ ಜೀವಕ್ಕೆ ಸಮಾಧಾನ. ನಲ್ಲಪ್ಪನೂ ಅಭ್ಯಾಸಬಲದಿಂದ ಕಲ್ಲು ಕೊಟ್ಟೇ ಬ್ರೇಕು ಪರೀಕ್ಷಿಸಿದ್ದ! ಗಾಡಿ ಕದಲಲಿಲ್ಲ, ಬ್ರೇಕು ಹಿಡಿದಿದೆ ಅಂದುಕೊಂಡ. ಆಯುಧಪೂಜೆಯ ದಿನ ಕೆರೆ ಏರಿಯ ಇಳಿಜಾರಿನಲ್ಲಿ ಕಾರು ನಿಲ್ಲಿಸಿ, ಚಕ್ರಕ್ಕೆ ನಿಂಬೆಹಣ್ಣು ಇಡಲು ಕಲ್ಲು ತೆಗೆದರು. ಹೂವಿನ ಹಾರ, ಬಾಳೆಕಂದು, ಕುಂಕುಮದ ಸಮೇತ ಕಾರು ಕೆರೆಗೆ ಇಳಿಯಿತು. ಪೂಜಾರಿ ಪಕ್ಕಕ್ಕೆ ಹಾರಿ ಬದುಕಿದ.

"ತಪ್ಪು ನಂದೇ" ಎಂದು ನಲ್ಲಪ್ಪ ಅಲ್ಲೇ ಒಪ್ಪಿಕೊಂಡ. ಒಪ್ಪಿಕೊಂಡವನ ತಲೆಯ ಮೇಲೆ ಊರು ಇನ್ನೊಂದು ಕಲ್ಲು ಹೇರುತ್ತದೆ, ಅದು ಊರಿನ ಸ್ವಭಾವ. ಬ್ರೇಕ್ ಕೆಲಸವೇ ಅವನ ಕಸುಬು, ಅದನ್ನೇ ಯಾರೂ ತರಲಿಲ್ಲ. ಎಂಜಿನ್ ಬಿಚ್ಚಲು ಕೊಡುತ್ತಿದ್ದರು, ಬ್ರೇಕಿಗೆ ಮಾತ್ರ ಪೇಟೆಗೆ ಹೋಗುತ್ತಿದ್ದರು. ಅವನು ಉಂಡನೋ ಬಿಟ್ಟನೋ ಎಂಬುದಕ್ಕಿಂತ ಆ ಅವಮಾನವೇ ಅವನನ್ನು ತಿಂದಿತು.

ಎಂಬತ್ನಾಲ್ಕರಲ್ಲಿ ಪಟ್ಟಂದೂರು ಅಗ್ರಹಾರದ ವೆಂಕಟೇಶಪ್ಪ ಒಂದು ಅಮೆರಿಕದ ಕಾರು ತಂದ. ಯಾರೋ ವಿದೇಶಿ ಅಧಿಕಾರಿ ಬಿಟ್ಟುಹೋಗಿದ್ದು, ಹರಾಜಿನಲ್ಲಿ ಸಿಕ್ಕಿದ್ದು. ಎರಡು ಬಾಗಿಲು, ಎಂಟು ಸಿಲಿಂಡರ್. ಎದುರು ಬಂದರೆ ಎತ್ತು ಕಟ್ಟಿದ ಗಾಡಿಗಳು ತಾವೇ ದಾರಿ ಬಿಡುತ್ತಿದ್ದವು. ಮದರಾಸಿನ ಕಡೆ ಹಳೇ ವಿಮಾನ ನಿಲ್ದಾಣದ ರನ್‌ವೇಯಲ್ಲಿ ಓಡಿಸುವ ಪಂದ್ಯದ ಹುಚ್ಚು ಅವನಿಗೆ. ಪಂದ್ಯಕ್ಕೆ ಮುಂಚೆ ಹಿಂದಿನ ಚಕ್ರ ನಿಂತಲ್ಲೇ ತಿರುಗಿಸಿ ಟೈರು ಬಿಸಿ ಮಾಡಬೇಕಂತೆ. ಹಾಗೆ ತಿರುಗುವಾಗ ಮುಂದಿನ ಚಕ್ರ ಕದಲಬಾರದು. ಅದಕ್ಕೆ ಮುಂದಿನ ಬ್ರೇಕ್ ಪೈಪಿಗೆ ಒಂದು ಬೀಗ ಬೇಕು: ಪೆಡಲ್ ತುಳಿದು ಗುಂಡಿ ಒತ್ತಿ ಹಿಡಿದರೆ, ಆಮೇಲೆ ಕಾಲು ತೆಗೆದರೂ ಒತ್ತಡ ಮುಂದಿನ ಚಕ್ರದಲ್ಲೇ ಉಳಿಯಬೇಕು, ಗುಂಡಿ ಬಿಟ್ಟರೆ ಬಿಡಬೇಕು. ಪೇಟೆಯ ಮೆಕ್ಯಾನಿಕ್‌ಗಳೆಲ್ಲ ಅಂಥ ಸಾಮಾನು ಈ ದೇಶದಲ್ಲೇ ಇಲ್ಲ ಅಂದರು. ಬೇರೆ ಗತಿ ಇಲ್ಲದೆ ನಲ್ಲಪ್ಪನ ಹತ್ತಿರ ಬಂದ.

"ಆಯುಧಪೂಜೆ ದಿನ ಊರ್ ಮುಂದೆ ಮಾಡಿ ತೋರಿಸ್ತೀನಿ" ಅಂದ ನಲ್ಲಪ್ಪ.

"ಕೆರೆ ಹತ್ರ ಬೇಡ" ಅಂದೆ ನಾನು. ನನ್ನ ಬಾಯಿಗೆ ಬೆಂಕಿ ಹಾಕ.

ಇಬ್ಬರೂ ಬಸ್ಸು ಹಿಡಿದು ಪೀಣ್ಯಕ್ಕೆ ಹೋದೆವು. ಗುಜರಿಯಲ್ಲಿ ಯಾವುದೋ ಪ್ರೆಸ್ ಮೆಷಿನ್ನಿನ ವಾಲ್ವ್ ಸಿಕ್ಕಿತು, ಕರೆಂಟ್ ಕೊಟ್ಟರೆ ಎಣ್ಣೆಯ ದಾರಿ ಮುಚ್ಚಿಕೊಳ್ಳುವಂಥದ್ದು. ಅದಕ್ಕೆ ಬ್ರೇಕ್ ಪೈಪು ಕೂರಲು ಹಿತ್ತಾಳೆಯ ಬಾಯಿಗಳನ್ನು ನಾನೇ ಲೇತಿನಲ್ಲಿ ಕಡೆದುಕೊಟ್ಟೆ. "ಕರೆಂಟ್ ಹೋದ್ರೆ ಬಿಟ್ಕೋಬೇಕು, ಹಿಡ್ಕೊಂಡ್ ಕೂರಬಾರ್ದು" ಎನ್ನುವುದೊಂದೇ ಅವನ ಜಪ.

ಹಬ್ಬಕ್ಕೆ ಮೂರು ದಿನ ಇರುವಾಗ ಜೋಡಿಸಿ ನೋಡಿದ. ಹಿಡಿಯಿತು, ಭೇಷಾಗಿ ಹಿಡಿಯಿತು. ಗುಂಡಿ ಬಿಟ್ಟರೂ ಮುಂದಿನ ಚಕ್ರ ಮಾತ್ರ ಬಿಡಲಿಲ್ಲ. ಎರಡು ನಿಮಿಷ ಬಿಟ್ಟು ಸಡಿಲವಾಯಿತು.

"ಬಿಡ್ತಲ್ಲ ಗುರು, ಸಾಕು" ಅಂದ ವೆಂಕಟೇಶಪ್ಪ.

"ಹಿಡೀದೆ ಇರೋ ಬ್ರೇಕಿಗಿಂತ ಬಿಡದೆ ಇರೋ ಬ್ರೇಕು ಕೆಟ್ಟದ್ದು. ಕಾರ್ ಕೊಡಲ್ಲ."

"ಕಾರ್ ನಂದು ಕಣಯ್ಯ!"

"ಬ್ರೇಕು ನಂದು."

ಮತ್ತೆ ಬಿಚ್ಚಿದ. ಒಳಗಿನ ರಬ್ಬರ್ ಉಂಗುರ ನೆನೆಹಾಕಿದ ಕಡಲೆಯ ಹಾಗೆ ಊದಿಕೊಂಡಿತ್ತು. ಮೆಷಿನ್ ಎಣ್ಣೆಗೆ ಮಾಡಿದ ರಬ್ಬರ್, ಬ್ರೇಕ್ ಆಯಿಲ್‌ಗೆ ಒಗ್ಗಿರಲಿಲ್ಲ. ಬ್ರೇಕ್ ರಬ್ಬರನ್ನೇ ತಂದು ಅದೇ ಅಳತೆಗೆ ಕೆತ್ತಲು ಕುಳಿತ. ಏಳು ಹಾಳಾದವು. ಎಂಟನೆಯದನ್ನು ಒಂದು ಇಡೀ ದಿನ ಬ್ರೇಕ್ ಆಯಿಲ್‌ನಲ್ಲಿ ಮುಳುಗಿಸಿಟ್ಟು ಅಳೆದ. ಊದಿರಲಿಲ್ಲ. ಆಮೇಲೆ ಐವತ್ತು ಸಲ ಗುಂಡಿ ಒತ್ತಿ ಬಿಟ್ಟು ನೋಡಿದ, ಇಳಿಜಾರಿನಲ್ಲಿ, ಕಲ್ಲಿಲ್ಲದೆ.

ಹಬ್ಬದ ಬೆಳಿಗ್ಗೆ ಶೆಡ್ಡಿನ ಮುಂದೆ ಜಾತ್ರೆಯಷ್ಟು ಜನ. ಚಿಕ್ಕಬೈರಪ್ಪನವರೂ ಬಂದಿದ್ದರು, ಕೆರೆಯಿಂದ ಎತ್ತಿಸಿದ ಅದೇ ಹಳೇ ಕಾರಿನಲ್ಲಿ. ಇಳಿದವರೇ ಚಕ್ರಕ್ಕೆ ಕಲ್ಲು ಕೊಟ್ಟರು. ಮಂಗಳಾರತಿ ಆಯಿತು. ಅಮೆರಿಕದ ಕಾರಿನ ನಾಲ್ಕು ಚಕ್ರದ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟರು. ವೆಂಕಟೇಶಪ್ಪ ಒಳಗೆ ಕುಳಿತು ಎಂಜಿನ್ ಚಾಲೂ ಮಾಡಿದ.

ಆಗ ನಲ್ಲಪ್ಪ ಹೋಗಿ ಬಾನೆಟ್ಟಿನ ಎದುರು ಮೂರಡಿ ದೂರದಲ್ಲಿ ನಿಂತ.

"ಬುದ್ಧಿ ಇದೆಯೇನಯ್ಯ ನಿಂಗೆ?" ಎಂದು ಕಿರುಚಿದೆ. ಅವನು ತಿರುಗಿ ನೋಡಲಿಲ್ಲ. ಅವನ ಹೆಂಡತಿ ಅಶ್ವತ್ಥಮ್ಮ ಆರತಿ ತಟ್ಟೆ ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಂದು ಅವನ ಪಕ್ಕ ನಿಂತಳು.

"ನೀನು ಸರಿ ಆ ಕಡೆ" ಅಂದ.

"ಐವತ್ತು ಸಲ ನಾನೂ ಎಣಿಸೀನಿ. ನಿಂತ್ಕಳಿ ಸುಮ್ಕೆ."

ನಲ್ಲಪ್ಪ ಕೈ ಎತ್ತಿದ. ವೆಂಕಟೇಶಪ್ಪ ಪೆಡಲ್ ತುಳಿದು, ಗುಂಡಿ ಒತ್ತಿ, ಗೇರ್ ಹಾಕಿ, ಬ್ರೇಕಿನಿಂದ ಕಾಲು ತೆಗೆದು ಆಕ್ಸಿಲರೇಟರ್ ತುಳಿದ. ಹಿಂದಿನ ಎರಡು ನಿಂಬೆಹಣ್ಣು ಕ್ಷಣದಲ್ಲಿ ಇಲ್ಲವಾದವು. ಟೈರು ಕಿರುಚಿತು, ಹೊಗೆ ಎದ್ದಿತು, ರಬ್ಬರ್ ಸುಟ್ಟ ವಾಸನೆಗೆ ಜನ ಮೂಗು ಮುಚ್ಚಿಕೊಂಡರು. ನಾನು ನೋಡುತ್ತಿದ್ದದ್ದು ಮುಂದಿನ ಎರಡು ನಿಂಬೆಹಣ್ಣನ್ನು. ಅವು ಇಟ್ಟ ಹಾಗೇ ಕೂತಿದ್ದವು, ಒಂದರ ಮೇಲಿನ ಕುಂಕುಮ ಕೂಡ ಅಲುಗಿರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಹೊಗೆಗೆ ಅಂತ ಹೇಳಿದೆ, ಸುಳ್ಳು ಅದು.

ಗಂಡ ಹೆಂಡಿರು ಪಕ್ಕಕ್ಕೆ ಸರಿದರು. ನಲ್ಲಪ್ಪ ಕೈ ಇಳಿಸಿದ. ಗುಂಡಿ ಬಿಟ್ಟ ತಕ್ಷಣ ಕಾರು ಮುಂದಕ್ಕೆ ಹಾರಿತು, ಉಳಿದ ಎರಡು ಹಣ್ಣೂ ಅಪ್ಪಚ್ಚಿಯಾದವು.

ಜನ ಕೂಗಾಡುತ್ತಿರುವಾಗಲೇ ಚಿಕ್ಕಬೈರಪ್ಪನವರು ನಿಧಾನವಾಗಿ ನಡೆದು ಬಂದರು. ನೆಲದ ಮೇಲಿನ ನಿಂಬೆಸಿಪ್ಪೆ ನೋಡಿದರು, ಆಮೇಲೆ ನಲ್ಲಪ್ಪನ ಮುಖ ನೋಡಿದರು.

"ನಲ್ಲಪ್ಪ, ನನ್ ಗಾಡಿ ಬ್ರೇಕು ಒಸಿ ನೋಡ್ಕೊಡ್ತೀಯಾ?"

ಆರು ವರ್ಷ ಈ ಮಾತಿಗೆ ಕಾದಿದ್ದ ಅವನು. ಕೈಯನ್ನು ಬಟ್ಟೆಗೆ ಒರೆಸಿಕೊಂಡು ಅವರ ಕಾರಿನ ಹತ್ತಿರ ಹೋಗಿ ಹ್ಯಾಂಡ್‌ಬ್ರೇಕ್ ಎಳೆದು, ಬಾಗಿಲು ಹಿಡಿದು ನಿಂತ.

"ನೋಡ್ತೀನಿ ಸ್ವಾಮಿ" ಅಂದ. "ಮೊದ್ಲು ಆ ಕಲ್ಲು ತೆಗೀರಿ."