ಸಿ.ಎಸ್. ಪುರದ ದಾರಿಯಲ್ಲಿ ಅಲ್ಲಾಡಿದ ಕ್ಯಾರಿಯರ್

ಗುಬ್ಬಿ ದಾಟಿ ಸಿ.ಎಸ್. ಪುರದ ಕಡೆ ತಿರುಗಿದ ಮೇಲೆ ಗೆಳೆಯ ರಮೇಶನ ಬೈಕು ಮುಂದೆ, ನನ್ನದು ಹಿಂದೆ. ಹೋದ ಮಳೆಗಾಲದಲ್ಲಿ ಅವನು ಆನ್‌ಲೈನಿನಲ್ಲಿ ತರಿಸಿ ಸೀಟಿನ ಹಿಂದೆ ಹಾಕಿಸಿದ್ದ ಲಗೇಜ್ ಕ್ಯಾರಿಯರ್ ಒಂದು ಪಿನ್ ಎಳೆದರೆ ಬ್ಯಾಗಿನ ಸಮೇತ ಕಳಚಿ ಕೈಗೆ ಬರುತ್ತದೆ. ಬೆಳಿಗ್ಗೆ ತುಮಕೂರಿನಲ್ಲಿ ತಿಂಡಿಗೆ ನಿಂತಾಗ ಅದನ್ನು ನೋಡಲು ಜನ ಸೇರಿದ್ದರು. ಸತ್ಯಮಂಗಲದಲ್ಲಿ ವೆಲ್ಡಿಂಗ್ ಮಾಡಿಸಿದ ನನ್ನ ಕಬ್ಬಿಣದ ಕ್ಯಾರಿಯರ್ ಕಡೆ ಒಬ್ಬರೂ ತಿರುಗಲಿಲ್ಲ. ನನಗೆ ಇಡ್ಲಿ ರುಚಿಸಲಿಲ್ಲ.

ಹಳ್ಳಿಯೊಂದರ ರಸ್ತೆ ಉಬ್ಬು ಹಾರಿದಾಗ ಅವನ ಕ್ಯಾರಿಯರ್ ಎಡಕ್ಕೆ ವಾಲಿ ಅಲ್ಲಾಡಿದ್ದು ನನಗೆ ಕಂಡಿತು. ಹಾರ್ನ್ ಹೊಡೆಯಬೇಕಿತ್ತು. ಅಲ್ಲಾಡಲಿ, ನಾಲ್ಕು ಜನರೆದುರು ಕಳಚಿ ಬೀಳಲಿ ಅನ್ನಿಸಿ ಸುಮ್ಮನೆ ಹಿಂಬಾಲಿಸಿದೆ. ಮುಂದಿನ ಉಬ್ಬಿನಲ್ಲಿ ಅದು ಬ್ಯಾಗಿನ ಸಮೇತ ಹಿಂದಿನ ಚಕ್ರಕ್ಕೆ ಸಿಕ್ಕಿಕೊಂಡಿತು. ಬೈಕು ಅಡ್ಡಡ್ಡ ಜಾರಿತು. ಎದುರಿನಿಂದ ಬರುತ್ತಿದ್ದ ಟ್ರ್ಯಾಕ್ಟರ್ ಬ್ರೇಕ್ ಹಾಕಿ ನಿಂತಾಗ ರಮೇಶ ಅದರ ಚಕ್ರಕ್ಕೆ ಒಂದು ಮಾರು ದೂರದಲ್ಲಿ ಬಿದ್ದಿದ್ದ. ಪುಣ್ಯಕ್ಕೆ ಮೊಣಕೈ ಮಾತ್ರ ತರಚಿತ್ತು.

ಊರಿನ ಮೆಕ್ಯಾನಿಕ್ ಕ್ಯಾರಿಯರನ್ನು ತಿರುಗಿಸಿ ನೋಡಿದ. ಎಲ್ಲರೂ ಮೆಚ್ಚಿದ್ದ ಪಿನ್ನಿಗೆ ಏನೂ ಆಗಿರಲಿಲ್ಲ. ಕ್ಯಾರಿಯರನ್ನು ಬೈಕಿಗೆ ಹಿಡಿದಿದ್ದ ತೆಳ್ಳನೆಯ ತಗಡಿನ ಪಟ್ಟಿ ಸೀಳಿಹೋಗಿತ್ತು.

“ಈ ಸೀಳು ಇವತ್ತಿಂದಲ್ಲ ಸಾರ್, ಒಳಗೆ ತುಕ್ಕು ಹಿಡ್ದೈತೆ” ಎಂದು ಅವನು ನನ್ನ ಕಡೆ ನೋಡಿದ. “ಹಿಂದೆ ಬರ್ತಿದ್ದೋರು ನೀವಲ್ವಾ? ಅಲ್ಲಾಡೋದು ಕಾಣ್ಲಿಲ್ವಾ?”

ನಾನು ಬಾಯಿ ತೆರೆಯುವ ಮೊದಲೇ ರಮೇಶ ನಕ್ಕ. “ಕಂಡಿದ್ರೆ ಇವ್ನು ಹೇಳ್ದೆ ಇರ್ತಿದ್ನೇನ್ರೀ?”

ನಾನು ಅವನ ಬ್ಯಾಗನ್ನು ನನ್ನ ಕ್ಯಾರಿಯರಿಗೆ ಕಟ್ಟತೊಡಗಿದೆ. ಹಗ್ಗದ ಗಂಟು ಎರಡು ಸಲ ಬಿಚ್ಚಿಕೊಂಡಿತು.