ಕಲಶದ ಮುಂದಿಟ್ಟ ಹನ್ನೆರಡು ಪದ

ಸುಮಾ, ನಿನ್ನ ಕ್ರಿಪ್ಟೋ ವಾಲೆಟ್ ಖಾಲಿಯಾದದ್ದು ನಿನ್ನ ಆಯ್ಕೆ ತಪ್ಪಾಗಿದ್ದರಿಂದಲ್ಲ. ನನ್ನಿಂದ. ಮೂರು ವರ್ಷದಿಂದ ಗೊತ್ತಿದ್ದೂ ಹೇಳಿಲ್ಲ — ಧೈರ್ಯವಿರಲಿಲ್ಲ ಎಂದರೆ ಅದೂ ಪೂರ್ತಿ ನಿಜವಲ್ಲ.

ಆ ದಿನಗಳನ್ನು ನೆನೆದರೆ ಈಗಲೂ ನನಗೆ ಮೊದಲು ಉಕ್ಕುವುದು ಹೆಮ್ಮೆಯೇ. ಮೌಂಟನ್ ವ್ಯೂನ ನನ್ನ ಆಫೀಸಿನಲ್ಲಿ ಘಟಾನುಘಟಿ ಎಂಜಿನಿಯರುಗಳು ಪಕ್ಕದವನು ಹೇಳಿದ, ಕ್ರಿಪ್ಟೋ ನಾಣ್ಯ ಕೊಳ್ಳುವ ಎಕ್ಸ್‌ಚೇಂಜಿನಲ್ಲಿ ಕಣ್ಣು ಮುಚ್ಚಿ ಖಾತೆ ತೆರೆಯುತ್ತಿದ್ದರು. ಸ್ಯಾನ್ ಮಟಿಯೋದ ಡೇಕೇರಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ನೀನು, ನಿನ್ನ ಸಂಬಳದ ಉಳಿತಾಯ ಹಾಕುವ ಮೊದಲು, ಬೆಂಡೆಕಾಯಿಯ ತುದಿ ಮುರಿದು ನೋಡುವ ಹಾಗೆ ಒಂದೊಂದನ್ನೂ ಪರೀಕ್ಷಿಸಿದೆ. ಎಷ್ಟು ಕಮಿಷನ್ ಹಿಡಿಯುತ್ತಾರೆ, ಹಣ ವಾಪಸು ತೆಗೆಯಲು ಎಷ್ಟು ದಿನ, ಫೋನು ಮಾಡಿದರೆ ಮನುಷ್ಯರು ಎತ್ತುತ್ತಾರೋ ಇಲ್ಲವೋ — ಎಲ್ಲ. "ಒಡವೆ ಕೊಂಡು ಅಂಗಡೀಲೇ ಬಿಟ್ಟು ಬರ್ತಾರೇನ್ರೀ?" ಎಂದು, ಇಟ್ಟುಕೊಳ್ಳಲು ಬೇರೆ ವಾಲೆಟ್ ಆರಿಸಿದೆ. ಚಿಲ್ಲರೆ ಹಣ ಹಾಕಿ, ಆ್ಯಪ್ ಅಳಿಸಿ, ವಾಲೆಟ್ ಕೊಟ್ಟಿದ್ದ ಹನ್ನೆರಡು ಇಂಗ್ಲಿಷ್ ಪದಗಳಿಂದ ಅದನ್ನು ಮತ್ತೆ ತೆರೆದು ನೋಡಿದೆ. ಅಷ್ಟು ನಾನೂ ಮಾಡಿರಲಿಲ್ಲ.

ಆ ಪದಗಳು ಯಾರಿಗೆ ಸಿಕ್ಕರೂ ಹಣ ಅವರ ಪಾಲು. ಅದಕ್ಕೇ ನೀನು ಅವನ್ನು ಕನ್ನಡ ಅಕ್ಷರದಲ್ಲಿ ಬರೆದಿಟ್ಟೆ. "ಈ ದೇಶದಲ್ಲಿ ಕನ್ನಡ ಯಾರ್ ಓದ್ತಾರೆ?" ಎಂದು ನೀನು ನಕ್ಕಿದ್ದು ನೆನಪಿದೆ. ವರಮಹಾಲಕ್ಷ್ಮಿ ಹಬ್ಬದ ದಿನ ಒಡವೆಗಳ ಜೊತೆ ಆ ಚೀಟಿಯನ್ನೂ ಕಲಶದ ಮುಂದಿಟ್ಟು ಕುಂಕುಮ ಹಚ್ಚಿದೆ. "ಇದೂ ಲಕ್ಷ್ಮಿನೇ."

ನೀನು ನೈವೇದ್ಯ ತರಲು ಹೋದಾಗ ನಾನು ಫೋಟೋ ತೆಗೆದೆ. ನಿನ್ನ ಅಲಂಕಾರ ಅಷ್ಟು ಚೆನ್ನಾಗಿತ್ತು — ನಮ್ಮ ಕನ್ನಡ ಗ್ರೂಪಿಗೆ ಕಳಿಸಿಬಿಟ್ಟೆ. "ನಮ್ಮ ಮನೆ ಲಕ್ಷ್ಮಿಗೆ ಈಗ ಸ್ವಂತ ಕ್ರಿಪ್ಟೋ ವಾಲೆಟ್ಟೂ ಇದೆ" ಎಂದು ಕೆಳಗೆ ಜಂಬದಿಂದ ಬರೆದೆ. ನಾವು ಮುಖವನ್ನೇ ಕಾಣದವರೂ ಇರುವ ಗ್ರೂಪು ಅದು. ಎಲ್ಲರಿಗೂ ಕನ್ನಡ ಓದಲು ಬರುತ್ತದೆ.

ಮರುದಿನ ವಾಲೆಟ್ಟಿನಲ್ಲಿ ಏನೂ ಇರಲಿಲ್ಲ. ನೀನು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ನಾನು ಬಾತ್‌ರೂಮಿಗೆ ಹೋಗಿ ಫೋಟೋ ದೊಡ್ಡದು ಮಾಡಿ ನೋಡಿದೆ — ಚೀಟಿ, ನಿನ್ನ ದುಂಡು ಅಕ್ಷರ, ಹನ್ನೆರಡೂ ಪದ. ಗ್ರೂಪಿನಿಂದ ಅದನ್ನು ಅಳಿಸಿದೆ. ಹೊರಗೆ ಬಂದು ಹೇಳಿದೆ: "ನೀನ್ ಆರಿಸಿದ್ ವಾಲೆಟ್ಟೇ ಸರಿ ಇರ್ಲಿಲ್ಲ ಅನ್ಸುತ್ತೆ, ಬಿಡು."

ನೀನು ನಂಬಿದೆ. ಹಣ ಹೋದದ್ದು ಹೋಯಿತು, ಆದರೆ ಆಮೇಲೆ ನೀನು ಏನನ್ನೂ ಆರಿಸಲಿಲ್ಲ, ಕಾರಿನಿಂದ ಹಿಡಿದು ಇನ್ಶೂರೆನ್ಸಿನವರೆಗೆ ಎಲ್ಲಕ್ಕೂ "ನೀವೇ ನೋಡಿ." ಮೊನ್ನೆ ಊಟಕ್ಕೆ ಕೂತಾಗ ಹೇಳಿದೆಯಲ್ಲ — "ಡೇಕೇರ್ ನಡೆಸೋ ಜವಾಬ್ದಾರಿ ತಗೋ ಅಂತಿದಾರೆ ರೀ. ನನಗದೆಲ್ಲ ತಿಳಿಯಲ್ಲ, ಬೇಡ ಅಂತೀನಿ." ಅದಕ್ಕೇ ಈ ಪತ್ರ.

ನಿನಗೆ ತಿಳಿಯುತ್ತದೆ, ಸುಮಾ. ನಮ್ಮಿಬ್ಬರಲ್ಲಿ ತಿಳಿದು ಮಾಡಿದವಳು ನೀನು. ನಾನು ಎಡವಿದೆನೆಂದು ಒಪ್ಪಲಾರದೆ, ನಾನು ಅಷ್ಟು ಮೆಚ್ಚಿದ ಬುದ್ಧಿಯನ್ನೇ ದಡ್ಡತನ ಎಂದು ನಿನ್ನನ್ನು ನಂಬಿಸಿದೆ. ನೀನು ಒಪ್ಪಿದರೆ ಇದನ್ನು ಆ ಗ್ರೂಪಿಗೂ ಕಳಿಸುತ್ತೇನೆ. ಈ ಸಲ ಅಳಿಸುವುದಿಲ್ಲ.

ಡೇಕೇರಿನವರು ಶುಕ್ರವಾರದವರೆಗೆ ಯೋಚಿಸು ಎಂದಿದ್ದಾರೆ. ಇವತ್ತು ಬುಧವಾರ.