ಶೇವಂತೆವ್ವನ ಸೂಜಿ ಪರೀಕ್ಷೆ

ಮುಗದ ಎಂಬ ಊರಿನಲ್ಲಿ ಶೇವಂತೆವ್ವನ ಕೌದಿಗೆ ಹೆಸರಿತ್ತು. ಅವಳಿಗೆ ಎರಡೆಕರೆ ಸ್ವಂತ ಗದ್ದೆ. ಅಲ್ಲಿನ ಕೆಲಸ ತೀರಿದ ದಿನ ಊರ ಜಮೀನುದಾರ ಕುಬೇರಪ್ಪನ ಗದ್ದೆಗೆ ಕಳೆ ಕೀಳುವ ಕೂಲಿಗೆ ಹೋಗುತ್ತಿದ್ದಳು. ಸಂಜೆ ಬಂದವಳೇ ಓಣಿಯ ಹೆಂಗಸರೊಂದಿಗೆ ಕಟ್ಟೆಯ ಮೇಲೆ ಹಳೆ ಸೀರೆಗಳನ್ನು ಹಾಸಿ ಹೊಲಿಯಲು ಕೂಡುತ್ತಿದ್ದಳು.

1966ರ ಶ್ರಾವಣದ ಒಂದು ಸಂಜೆ ಸೂಜಿಗೆ ದಾರ ಪೋಣಿಸಲು ಅವಳಿಂದ ಆಗಲಿಲ್ಲ. ಸೂಜಿಯ ಕಣ್ಣೇ ಮಂಜುಮಂಜಾಗಿತ್ತು. ನಲವತ್ತು ದಾಟಿತಲ್ಲ, ಇನ್ನು ಚಾಳೀಸು ಕನ್ನಡಕ ಹಾಕಿಕೋ ಎಂದು ಪಕ್ಕದ ಮನೆಯ ಉಡಚವ್ವ ನಕ್ಕಳು. ಹತ್ತೊಂಬತ್ತರ ಸಾವಕ್ಕನ ಕೈಗೆ ಸೂಜಿ ಕೊಟ್ಟರೆ ಅವಳಿಗೂ ಆಗಲಿಲ್ಲ. ಉಡಚವ್ವ ಮಾತ್ರ ಒಂದೇ ಸಲಕ್ಕೆ ಪೋಣಿಸಿದಳು. ಅವಳು ಅಂದು ಕೂಲಿಗೆ ಹೋಗಿರಲಿಲ್ಲ. ಉಳಿದಿಬ್ಬರೂ ಹಿಂದಿನ ದಿನವಷ್ಟೇ ಹುಳ ಕೊಲ್ಲುವ ಎಣ್ಣೆ ಹೊಡೆದಿದ್ದ ಕುಬೇರಪ್ಪನ ಭತ್ತದಲ್ಲಿ ದಿನವಿಡೀ ಬಗ್ಗಿ ದುಡಿದು ಬಂದಿದ್ದರು.

ಆ ಎಣ್ಣೆ ಊರಿಗೆ ಬಂದು ಎರಡು ವರ್ಷವಾಗಿತ್ತು. ತಲೆಶೂಲೆ, ವಾಕರಿಕೆ ಬಂದರೆ ಹೆಂಗಸರು ಥಂಡಿ ಎಂದುಕೊಂಡು ಸುಮ್ಮನಾಗುತ್ತಿದ್ದರು. ಶೇವಂತೆವ್ವನಿಗೆ ಈಗ ಸುಮ್ಮನಿರಲು ಆಗಲಿಲ್ಲ.

ಮರುದಿನದಿಂದ ಗದ್ದೆಗೆ ಹೋಗಿ ಬಂದವರೆಲ್ಲ ಅವಳ ಕಟ್ಟೆಗೆ ಬರಬೇಕಾಯಿತು. ಎಲ್ಲರಿಗೂ ಒಂದೇ ಸೂಜಿ, ಮೂರು ಸಲ ಅವಕಾಶ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಹಳೆ ಧೋತರದ ತುಂಡಿನ ಮೇಲೆ, ದಾರ ಪೋಣಿಸಿದವರಿಗೆ ನೀಲಿ ಹೊಲಿಗೆ, ಆಗದವರಿಗೆ ಕೆಂಪು ಹೊಲಿಗೆ ಹಾಕಿದಳು. ಎಣ್ಣೆ ಹೊಡೆದ ಮರುದಿನದ್ದು ಒಂದು ಸಾಲು, ಅದರ ಮರುದಿನದ್ದು ಇನ್ನೊಂದು. ತಿಂಗಳೊಪ್ಪತ್ತಿನಲ್ಲಿ ಮೊದಲ ಮೂರು ಸಾಲು ಕೆಂಪಾದವು. ನಾಲ್ಕನೆಯದು ಬೆರಕೆ, ಐದನೆಯ ಸಾಲಿನಲ್ಲಿ ಬರೀ ನೀಲಿ.

ಆ ತುಂಡನ್ನು ಒಯ್ದು ಕುಬೇರಪ್ಪನ ಮುಂದೆ ಹಾಸಿದಳು. ಅವನು ಕೆಟ್ಟ ಮನುಷ್ಯನಲ್ಲ, ಆದರೆ ಕೆಲಸ ತಪ್ಪಿಸಲು ಹೆಂಗಸರು ಹೂಡಿದ ಆಟ ಇದು ಎಂದುಕೊಂಡ. ಹಾಗೆಂದು ಬಾಯಿಬಿಟ್ಟು ಹೇಳಿಯೂ ಬಿಟ್ಟ.

"ಹಂಗಾದ್ರ ಒಂದು ಕೆಲಸ ಮಾಡ್ರಿ ಧಣ್ಯಾರ," ಎಂದಳು ಶೇವಂತೆವ್ವ. "ನಾಕು ಗದ್ದ್ಯಾಗ ಎರಡಕ್ಕ ಎಣ್ಣಿ ಹೊಡಸ್ರಿ, ಎರಡಕ್ಕ ಬರೇ ನೀರು. ಯಾವುದಕ್ಕ ಏನಂತ ನಮಗ ಹೇಳಬ್ಯಾಡ್ರಿ. ಸಂಜೀಕ ನಾವು ನಿಮಗ ಹೇಳತೇವಿ."

ಕುಬೇರಪ್ಪ ಒಪ್ಪಿದ. ಎಣ್ಣೆಯ ವಾಸನೆ ಇಡೀ ಬಯಲಿಗೆ ಹಬ್ಬಿದ್ದರಿಂದ ಮೂಗಿನಿಂದ ಗುರುತು ಹಿಡಿಯುವಂತಿರಲಿಲ್ಲ. ಮರುದಿನ ಶೇವಂತೆವ್ವ, ಉಡಚವ್ವ, ಸಾವಕ್ಕ, ಇನ್ನೊಬ್ಬಾಕೆ ಒಂದೊಂದು ಗದ್ದೆಗೆ ಇಳಿದರು. ಸಂಜೆ ಕುಬೇರಪ್ಪನ ಪಡಸಾಲೆಯ ಮುಂದೆ ಅರ್ಧ ಊರು ಸೇರಿತ್ತು.

ಶೇವಂತೆವ್ವ ಪೋಣಿಸಿದಳು. ಸಾವಕ್ಕ ಪೋಣಿಸಿದಳು. ನಾಲ್ಕನೆಯಾಕೆಯೂ ಪೋಣಿಸಿದಳು. ಉಡಚವ್ವನೊಬ್ಬಳಿಗೆ ಮೂರು ಸಲವೂ ದಾರ ದಕ್ಕಲಿಲ್ಲ.

ಶೇವಂತೆವ್ವ ಸೂಜಿಯನ್ನು ಮರಳಿ ಈಸಿಕೊಂಡಳು. ಮಾತಾಗಿದ್ದು ಎರಡು ಗದ್ದೆಗೆ. ಸುಮ್ಮನೆ ಇನ್ನೊಂದು ಗದ್ದೆಯ ಹೆಸರು ಹೇಳಿಬಿಡಲೇ ಎಂದು ಒಂದು ಗಳಿಗೆ ಅನಿಸಿತು. ಆದರೆ ಕಣ್ಣೆದುರಿಗೆ ಕಂಡದ್ದು ಒಂದೇ.

"ನೀವು ಎರಡಕ್ಕ ಹೊಡಸಿಲ್ರಿ ಧಣ್ಯಾರ," ಎಂದಳು. "ಉಡಚವ್ವ ಇಳದ ಗದ್ದಿ ಒಂದಕ್ಕ ಹೊಡಸೀರಿ."

ಅವಳನ್ನು ಸಿಕ್ಕಿಸಬೇಕೆಂದೇ ಕುಬೇರಪ್ಪ ಮೂರು ಗದ್ದೆಗೆ ನೀರು ಹೊಡೆಸಿದ್ದ.

"ಖರೇ ಐತಿ, ಶೇವಂತೆವ್ವ," ಎಂದ. ಅಲ್ಲಿಯವರೆಗೆ ಅವಳನ್ನು ಶೇವಂತಿ ಎಂದೇ ಕರೆಯುತ್ತಿದ್ದವನು ಅವನು.

ಆಗಲೇ ಚಕ್ಕಡಿ ಗಾಡಿ ಕಟ್ಟಿಸಿ ಉಡಚವ್ವನನ್ನು ಪೇಟೆಯ ಮಾಳಮಡ್ಡಿಯ ಡಾಕ್ಟರ ಬಳಿಗೆ ಕರೆದೊಯ್ದರು. ಕಣ್ಣಿನ ಪಾಪೆ ಕುಗ್ಗಿ ಸಾಸಿವೆಯಷ್ಟಾಗಿದೆ, ಎಣ್ಣೆ ಚರ್ಮದೊಳಗೆ ಇಳಿದಿದೆ ಎಂದರು ಅವರು. ಔಷಧ ಕೊಟ್ಟು, ಎರಡು ದಿನ ತಮ್ಮಲ್ಲೇ ಇರಿಸಿಕೊಂಡು, ಹುಷಾರಾದ ಮೇಲೆ ಕಳಿಸಿದರು. ಜೊತೆಗೆ ಒಯ್ದಿದ್ದ ಆ ಧೋತರದ ತುಂಡನ್ನು ಎರಡು ಸಲ ತಿರುವಿ ನೋಡಿ, ಇದನ್ನು ಮಾಡಿದವರು ಎಲ್ಲಿ ಕಲಿತವರು ಎಂದು ಕೇಳಿದರಂತೆ.

ಮುಂದಿನ ಮುಂಗಾರಿನಲ್ಲಿ ಶೇವಂತೆವ್ವ ತನ್ನ ಗದ್ದೆಯಲ್ಲಿ ಕಳೆ ಕೀಳುತ್ತಿದ್ದಾಗ ಊರ ಕಡೆಯಿಂದ ಹಲಗೆಯ ಸಪ್ಪಳ ಕೇಳಿಸಿತು. ಅವಳ ಮೈದುನ ನೀಲಪ್ಪ ಪಂಚರ ಪರವಾಗಿ ಡಂಗುರ ಸಾರುತ್ತಿದ್ದ: ಎಣ್ಣಿ ಹೊಡದ ಗದ್ದ್ಯಾಗ ಶೇವಂತೆವ್ವ ಹೂಂ ಅನ್ನೂತನಕ ಯಾರೂ ಕಾಲಿಡಬಾರದು.

ಅವಳು ಸೊಂಟ ನೆಟ್ಟಗೆ ಮಾಡಿ ನಿಂತಳು. ಇನ್ನೊಮ್ಮೆ ಕೇಳಬೇಕೆನಿಸಿ, ನೀಲಪ್ಪ ಮುಂದಿನ ಓಣಿಗೆ ತಿರುಗುವುದನ್ನೇ ಕಾದಳು.